ನೀಲಿ ಬಾಗಿಲಿನ ಹೆಸರು ಬಿಟ್ಟುಕೊಟ್ಟ ಕಾಕ

ಕಳೆದ ವಾರ ಪಡೀಲಿನ ರೈಲ್ವೆ ಸೇತುವೆಯ ಕೆಳಗೆ ಸ್ಕೂಟರಿನಲ್ಲಿ ಸಿಕ್ಕಿಬಿದ್ದಿದ್ದೆ. ಮುಂದೆ ಲಾರಿಯೊಂದು ಕೆಟ್ಟು ನಿಂತು, ಹಿಂದಿನವರೆಲ್ಲ ಹಾರ್ನ್ ಹೊಡೆಯುತ್ತಿದ್ದರು. ನಾನೂ ಹೊಡೆಯುವುದರಲ್ಲಿದ್ದೆ. ಅಷ್ಟರಲ್ಲಿ ಪಕ್ಕದ ಯಾವುದೋ ಮನೆಯಿಂದ ಅಕ್ಕಿಹುಡಿ ಹುರಿಯುವ ವಾಸನೆ ಬಂತು. ಹಸಿವಾಸನೆ ಹೋಗಿ, ಇನ್ನೂ ಕೆಂಪಾಗದೆ, ಹುಡಿ ಬಾಣಲೆಯಲ್ಲಿ ಹಗುರಾಗಿ ಓಡಾಡುವ ಒಂದು ಹದವಿದೆ. ಆ ಹದ ದಾಟಿದರೆ ರೊಟ್ಟಿ ಒಡೆಯುತ್ತದೆ. ಆ ಮನೆಯಲ್ಲಿ ಅದು ದಾಟುತ್ತಾ ಇತ್ತು. ನಾನು ಹೆಲ್ಮೆಟ್ಟಿನೊಳಗಿಂದಲೇ "ಇಳಿಸಿ, ಇಳಿಸಿ!" ಎಂದು ಗಟ್ಟಿಯಾಗಿ ಹೇಳಿಬಿಟ್ಟೆ. ಪಕ್ಕದ ಆಟೋದವನು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದ.

ಆ ಮಾತು ನನ್ನದಲ್ಲ, ಕಾಕನದು. ಕಾಕ ಹೋಗಿ ವರ್ಷಗಳಾದರೂ ಅವರ ಗಡಿಬಿಡಿ ನನ್ನ ನಾಲಿಗೆಯ ಮೇಲೆ ಹಾಗೇ ಕೂತಿದೆ ಎಂದು ಅವತ್ತು ಗೊತ್ತಾಯಿತು.

ಕಾಕ ನಮ್ಮ ಓಣಿಯ ಹುಡಿ ಮಿಲ್ಲಿನವರು. ವ್ಯಾಪಾರದಲ್ಲೇ ಬೆಳೆದ ಬ್ಯಾರಿ ಮನೆತನ. ತಮ್ಮಂದಿರೆಲ್ಲ ಒಬ್ಬೊಬ್ಬರಾಗಿ ಗಲ್ಫಿಗೆ ಹೋದರೂ ಇವರು ಮಾತ್ರ ಮಿಲ್ಲು ಬಿಟ್ಟು ಕದಲಲಿಲ್ಲ. ಮನೆಯ ಮುಂಭಾಗದಲ್ಲೇ ಮಿಲ್ಲು, ಹಿಂದಿನ ಅಂಗಳದಲ್ಲಿ ದೊಡ್ಡ ದೊಡ್ಡ ಬಾಣಲೆಗಳು. ಓಣಿಯ ಕೆಲವು ಹೆಂಗಸರು ಅಲ್ಲಿ ಹುಡಿ ಹುರಿಯುವ ಕೆಲಸಕ್ಕೆ ಬರುತ್ತಿದ್ದರು. ಅವರ ಮೇಲೆ ಕಾಕನ ಹೆಂಡತಿಯ ಕಣ್ಣು. ಆಕೆಯನ್ನು ನಾವೆಲ್ಲ ಉಮ್ಮ ಎಂದೇ ಕರೆಯುತ್ತಿದ್ದೆವು. ಪತ್ತಿರ್ ಎನ್ನುವ ತೆಳ್ಳಗಿನ ಅಕ್ಕಿರೊಟ್ಟಿಗೆ ಅವರ ಹುಡಿಯೇ ಬೇಕು ಎನ್ನುವವರು ಊರೆಲ್ಲ ಇದ್ದರು. ರಮ್ಜಾನ್ ಬಂತೆಂದರೆ ಓಣಿಯಲ್ಲಿ ನನ್ನ ಸ್ಕೂಟರ್ ತಿರುಗಿಸಲು ಜಾಗವಿರುತ್ತಿರಲಿಲ್ಲ.

ಮಿಲ್ಲಿನ ಎದುರಿಗೆ ನನ್ನ ಪ್ರಿಂಟಿಂಗ್ ಅಂಗಡಿ. ಮದುವೆ ಕಾಗದ, ಬಿಲ್ ಬುಕ್, ಪ್ಯಾಕೆಟ್ಟುಗಳ ಮೇಲಿನ ಹೆಸರು ಇತ್ಯಾದಿ. ನಾನು ತುಳು ಮಾತಾಡುವ ಮನೆಯವಳು. ನನ್ನ ಮತ್ತು ಕಾಕನ ಮಾತೆಲ್ಲ ತುಳುವಿನಲ್ಲೇ. ಆದರೆ ಸರಕಾರದ ವಿಷಯ ಬಂದರೆ ಮಾತ್ರ ಕಾಕ ತಟ್ಟನೆ ಕನ್ನಡಕ್ಕೆ ಹಾರುತ್ತಿದ್ದರು. ಬಜೆಟ್ಟಿನ ಮರುದಿನ ಪೇಪರ್ ಹಿಡಿದುಕೊಂಡು ರಸ್ತೆ ದಾಟಿ ಬಂದರೆಂದರೆ ನನ್ನ ಅರ್ಧ ಬೆಳಗು ಹೋಯಿತು ಎಂದೇ ಅರ್ಥ. ಏನಾದರೊಂದು ಬದಲಾಗುತ್ತದೆ ಎಂದರೆ ಸಾಕು, ಅವರಿಗೆ ಹಬ್ಬ. ಒಳ್ಳೆಯದಕ್ಕೋ ಕೆಟ್ಟದ್ದಕ್ಕೋ ಎಂಬುದು ಆಮೇಲಿನ ಮಾತು.

ಅವರ ಹುಡಿಗೆ ಹೆಸರು ಬಂದದ್ದೂ ವಿಚಿತ್ರವಾಗಿಯೇ. ಯಾವ ಕಾಲದಲ್ಲೋ ಮನೆಯ ಬಾಗಿಲಿಗೆ ದೋಣಿಗೆ ಬಳಿದು ಉಳಿದ ನೀಲಿ ಪೈಂಟ್ ಬಳಿದಿದ್ದರಂತೆ. ಜನ "ಆ ನೀಲಿ ಬಾಗಿಲಿನಲ್ಲಿ ಕೇಳಿ" ಎನ್ನುತ್ತಾ ಎನ್ನುತ್ತಾ ಅದು ನೀಲಿ ಬಾಗಿಲಿನ ಹುಡಿಯಾಯಿತು. ಕೊನೆಗೆ ಪ್ಯಾಕೆಟ್ ಮಾಡುವಾಗ ಕಾಕ ಅದನ್ನೇ ಹಾಕಿಸಿದರು. ಬಾಗಿಲಿನ ಚಿತ್ರ ಬರೆದವಳು ನಾನು. ಚಿಲಕ ಸ್ವಲ್ಪ ವಾರೆಯಾಗಿದೆ, ಇವತ್ತಿಗೂ ಹಾಗೇ ಇದೆ.

ಜಿಎಸ್‌ಟಿ ಬಂದಾಗ ನಾನು ಗೊಣಗಿದಷ್ಟು ಯಾರೂ ಗೊಣಗಿರಲಿಕ್ಕಿಲ್ಲ. ಕಾಗದಕ್ಕೆ ಒಂದು ದರ, ಅಚ್ಚಿಗೆ ಇನ್ನೊಂದು ದರ. ರಿಟರ್ನ್ ತುಂಬಲು ಕೂತರೆ ಸೈಟ್ ತೆರೆಯುವುದಿಲ್ಲ, ತೆರೆದರೆ ಕರೆಂಟ್ ಹೋಗುತ್ತದೆ. ಪಣಂಬೂರಿನ ಬಂದರಿಗೆ ಕೆಲಸಕ್ಕೆ ಹೋಗುವ ನನ್ನ ಗಂಡ "ನನ್ನ ಸಂಬಳಕ್ಕೆ ಅದೆಲ್ಲ ಇಲ್ಲವಲ್ಲ" ಎಂದು ಕೆಲವು ದಿನ ನಕ್ಕರು, ಹೋಟೆಲಿನ ಬಿಲ್ಲು ಕೈಗೆ ಬರುವವರೆಗೆ. ಆದರೆ ಕಾಕ! ಅವರ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಕಾರಣವೂ ಇತ್ತು. ಅವರ ಹುಡಿ ಟೆಂಪೊದಲ್ಲಿ ತಲಪಾಡಿಯ ಕೇರಳ ಗಡಿ ದಾಟಿ ಉಪ್ಪಳ, ಕಾಸರಗೋಡಿಗೆ ಹೋಗುತ್ತಿತ್ತು. ಗಡಿಯಾಚೆ ತೆರಿಗೆಯವರ ಚೆಕ್‌ಪೋಸ್ಟ್. ಅಲ್ಲಿ ಲಾರಿಗಳ ಸಾಲಿನಲ್ಲಿ ನಿಂತು ನಿಂತು ಕಾಕನ ಆಯುಷ್ಯವೇ ಸವೆದಿತ್ತು. ಅರ್ಧ ತಾಸು ಆಚೆಗಿರುವ ಅಂಗಡಿಗೆ ಹುಡಿ ಮುಟ್ಟಿಸಲು ಇಡೀ ದಿನ ಬೇಕಾಗುತ್ತಿತ್ತು. ಹೊಸ ತೆರಿಗೆ ಬಂದರೆ ಆ ಚೆಕ್‌ಪೋಸ್ಟ್ ಇರುವುದಿಲ್ಲ ಎಂದು ಪೇಪರಿನಲ್ಲಿ ಬಂದಿತ್ತು.

"ನಿಲ್ಲಿಸದೆ ಹೋಗ್ಲಿಕ್ಕೆ ಆಗ್ತದಂತೆ! ಗೊತ್ತುಂಟಾ ನಿನಗೆ?" ಎಂದು ಕಾಕ ಅಂಗಡಿಯ ಬಾಗಿಲಲ್ಲೇ ಕೂಗಿದರು. "ಹೊರಡು. ನೋಡಿಕೊಂಡು ಬರುವ."

ಹುಡಿ ಕಳಿಸುವ ದಿನವೂ ಅಲ್ಲ ಅದು. ಆದರೂ ಖಾಲಿ ಹೋಗುವುದು ಬೇಡವೆಂದು ಒಂದಷ್ಟು ಮೂಟೆ ಹೇರಿಸಿ, ಮುಂದಿನ ಸೀಟಿನಲ್ಲಿ ಉಮ್ಮನನ್ನೂ ನನ್ನನ್ನೂ ಒತ್ತೊತ್ತಾಗಿ ಕೂರಿಸಿ, ತಾವೇ ಟೆಂಪೊ ಓಡಿಸಿದರು. ಉಮ್ಮ ದಾರಿಯುದ್ದಕ್ಕೂ "ಈ ಮನುಷ್ಯನಿಗೆ ಎಂತ ಆಗಿದೆ" ಎಂದು ನನ್ನ ಹತ್ತಿರ ಹೇಳುತ್ತಲೇ ಇದ್ದರು, ಆದರೆ ಹೊಸ ಸೀರೆ ಉಟ್ಟು ಬಂದಿದ್ದರು. ಮಳೆ ಆಗಷ್ಟೇ ಬಿಟ್ಟು ರಸ್ತೆ ಹೊಳೆಯುತ್ತಿತ್ತು. ಚೆಕ್‌ಪೋಸ್ಟಿನ ಹತ್ತಿರ ಬಂದಾಗ ಕಾಕನ ಕಾಲು ಅಭ್ಯಾಸಬಲದಿಂದ ಬ್ರೇಕಿನ ಮೇಲೆ ಹೋಯಿತು. ಅಲ್ಲಿ ಯಾರೂ ಇರಲಿಲ್ಲ. ರಸ್ತೆಯ ಅಡ್ಡಕಂಬ ಮೇಲಕ್ಕೆದ್ದು ನಿಂತಿತ್ತು. ಕಿಟಕಿ ಮುಚ್ಚಿತ್ತು. ಕಾಕ ಹಾರ್ನ್ ಒತ್ತಿಹಿಡಿದು ಸೀದಾ ದಾಟಿದರು. ನಾನು ಯಾಕೆ ಕೂಗಿದೆನೋ ತಿಳಿಯದು, ಕೂಗಿದೆ. ಉಮ್ಮನೂ ಕೂಗಿದರು. ಸ್ವಲ್ಪ ದೂರ ಹೋಗಿ ಕಾಕ ಗಾಡಿ ತಿರುಗಿಸಿದರು. ಏನಾದರೂ ಬಿಟ್ಟುಬಂದಿರೋ ಎಂದು ಕೇಳಿದರೆ, "ಇನ್ನೊಮ್ಮೆ ದಾಟುವ" ಎಂದರು. ಆ ದಿನ ಉಪ್ಪಳದಲ್ಲಿ ಕುಡಿದ ಚಹಾ... ಅದರ ರುಚಿ ಈಗ ನೆನಪಿಲ್ಲ, ಕಾಕ ಅಂಗಡಿಯವನಿಗೆ, ಪಕ್ಕದ ಟೇಬಲ್ಲಿನವರಿಗೆ, ದಾರಿಹೋಕರಿಗೆಲ್ಲ ಅದನ್ನೇ ಹೇಳುತ್ತಿದ್ದದ್ದು ನೆನಪಿದೆ.

ಆ ಸಂಭ್ರಮಕ್ಕೆ ತಣ್ಣೀರು ಬಿದ್ದದ್ದು ಕೆಲವು ತಿಂಗಳ ಮೇಲೆ. ನಮ್ಮಿಬ್ಬರ ತೆರಿಗೆಯ ಕೆಲಸವನ್ನೂ ನೋಡಿಕೊಳ್ಳುತ್ತಿದ್ದ ಅಕೌಂಟೆಂಟ್ ಬಂದು ಹೊಸ ನಿಯಮ ತಿಳಿಸಿದರು. ಹೆಸರಿಲ್ಲದ ಪ್ಯಾಕೆಟ್ಟಿನ ಹುಡಿಗೆ ತೆರಿಗೆ ಇಲ್ಲ. ಹೆಸರಿದ್ದು, ಆ ಹೆಸರು ತನ್ನದೆಂದು ಹಕ್ಕು ಸಾಧಿಸುವಂತಿದ್ದರೆ ತೆರಿಗೆ ಉಂಟು. ಹೆಸರು ರಿಜಿಸ್ಟರ್ ಆಗಿರದಿದ್ದರೂ ಅಷ್ಟೇ. ಕಾಕನ ಹೆಸರು ರಿಜಿಸ್ಟರ್ ಆಗಿರಲಿಲ್ಲ, ಆದರೆ ಊರಿಗೆಲ್ಲ ಗೊತ್ತಿತ್ತು. ತೆರಿಗೆ ಸೇರಿಸಿದರೆ ಪ್ಯಾಕೆಟ್ಟಿನ ದರ ಏರುತ್ತದೆ. ಹುಡಿ ತೆಗೆದುಕೊಳ್ಳುವ ಸಣ್ಣ ಹೋಟೆಲಿನವರು, ಮನೆಯಲ್ಲಿ ರೊಟ್ಟಿ ಮಾಡಿ ಮಾರುವ ಹೆಂಗಸರು ಪ್ಯಾಕೆಟ್ಟಿಲ್ಲದ ಬಿಡಿ ಹುಡಿಯ ಕಡೆಗೆ ತಿರುಗುತ್ತಾರೆ. ಹಿಂದಿನ ಅಂಗಳದ ಬಾಣಲೆಗಳಲ್ಲಿ ಒಂದೆರಡಾದರೂ ಆರಿಹೋಗುತ್ತವೆ. ಹೆಸರನ್ನೇ ತೆಗೆದುಬಿಟ್ಟರೆ ಅಂಗಡಿಯ ಕಪಾಟಿನಲ್ಲಿ ಕಾಕನ ಹುಡಿ ಯಾವುದು, ಬೇರೆಯದು ಯಾವುದು ಎಂದು ಯಾರಿಗೂ ತಿಳಿಯುವುದಿಲ್ಲ. ಈ ಕಡೆ ಹೋದರೂ ಪೆಟ್ಟು, ಆ ಕಡೆ ಹೋದರೂ ಪೆಟ್ಟು.

ಮೂರನೆಯ ದಾರಿಯೊಂದಿತ್ತು, ಅಕೌಂಟೆಂಟ್ ಅದನ್ನು ಸಂಕೋಚದಿಂದಲೇ ಹೇಳಿದರು. ಈ ಹೆಸರಿನ ಮೇಲೆ ನನಗೆ ಹಕ್ಕು ಬೇಡ ಎಂದು ಅಫಿಡವಿಟ್ ಕೊಡಬೇಕು. ಹಾಗೆ ಬಿಟ್ಟುಕೊಟ್ಟದ್ದನ್ನು ಪ್ರತಿಯೊಂದು ಪ್ಯಾಕೆಟ್ಟಿನ ಮೇಲೂ ಇಂಗ್ಲಿಷಿನಲ್ಲಿ, ಕನ್ನಡದಲ್ಲಿ ಅಚ್ಚು ಹಾಕಿಸಬೇಕು. ಆಗ ಹೆಸರೂ ಇರಬಹುದು, ತೆರಿಗೆಯೂ ಇಲ್ಲ. ಆದರೆ ಮರುದಿನ ಬೇರೆ ಯಾರೇ ಅದೇ ಹೆಸರಿನಲ್ಲಿ ಹುಡಿ ಮಾರಿದರೂ ತುಟಿ ಬಿಚ್ಚುವಂತಿಲ್ಲ.

ಉಮ್ಮ ಖಡಾಖಂಡಿತವಾಗಿ ಬೇಡ ಎಂದರು. ಇಷ್ಟು ವರ್ಷ ಹೊಗೆ ಕುಡಿದು ಹದ ಹಿಡಿದವರು ಅವರು. ನಾಳೆ ಯಾರೋ ಮಣ್ಣು ತುಂಬಿಸಿ ನಮ್ಮ ಬಾಗಿಲು ಅಂಟಿಸಿದರೆ ಯಾರನ್ನು ಕೇಳುವುದು? ಎರಡು ದಿನ ಗಂಡ ಹೆಂಡತಿ ಮಾತು ಬಿಟ್ಟಿದ್ದರು. ಬೇಕಾದ್ದನ್ನೆಲ್ಲ ನನ್ನ ಅಂಗಡಿಯ ಮೂಲಕ ಹೇಳಿ ಕಳುಹಿಸುತ್ತಿದ್ದರು. ಆಮೇಲೊಂದು ಬೆಳಿಗ್ಗೆ ಕಾಕ ಮುಖ ಅರಳಿಸಿಕೊಂಡು ಬಂದರು.

"ಹೆಸರು ನಾನು ಇಟ್ಟದ್ದಾ? ಜನ ಇಟ್ಟದ್ದು. ಅವರದ್ದನ್ನು ಅವರಿಗೇ ಕೊಟ್ಟರೆ ನನಗೆಂತ ನಷ್ಟ? ಹಾಕು ಮಾರಾಯ್ತಿ, ಪ್ರಿಂಟ್ ಹಾಕು."

ನಾನು ಆ ಸಾಲನ್ನು ಪ್ಯಾಕೆಟ್ಟಿನ ಕೆಳಗೆ, ತೂಕ ಮತ್ತು ತಾರೀಕಿನ ಪಕ್ಕದಲ್ಲಿ, ಸಣ್ಣ ಅಕ್ಷರದಲ್ಲಿ ಇಟ್ಟು ಪ್ರೂಫ್ ತೋರಿಸಿದೆ. ಕಾಕನಿಗೆ ಕೋಪ ಬಂತು. ಕೊಡುವುದನ್ನು ಕದ್ದು ಕೊಡುವುದುಂಟಾ ಎಂದರು. ಕೊನೆಗೆ ಅದು ಬಾಗಿಲಿನ ಚಿತ್ರದ ಕೆಳಗೇ, ಕೆಂಪು ಬಣ್ಣದಲ್ಲಿ, ಹೆಸರಿನಷ್ಟೇ ದೊಡ್ಡದಾಗಿ ಬಂತು: ಈ ಹೆಸರಿನ ಮೇಲಿನ ಹಕ್ಕನ್ನು ಸ್ವಇಚ್ಛೆಯಿಂದ ಬಿಟ್ಟುಕೊಟ್ಟಿದ್ದೇನೆ. ನಮ್ಮ ಕಡೆ ಜಾಗದ ಪಾಲುಪಟ್ಟಿ ಆಗುವಾಗ ತಂಗಿಯಂದಿರ ಕೈಯಲ್ಲಿ ಪಾಲು ಬೇಡವೆಂದು ಬರೆಸಿಕೊಳ್ಳುತ್ತಾರಲ್ಲ, ಥೇಟ್ ಅದೇ ಭಾಷೆ. ಎಡವಟ್ಟಾದದ್ದೂ ಅಲ್ಲಿಯೇ.

ಪ್ಯಾಕೆಟ್ಟು ಅಂಗಡಿಗಳಿಗೆ ಹೋದದ್ದೇ ತಡ, ಊರೆಲ್ಲ ಗುಲ್ಲು. ಕಾಕನ ಮನೆಯಲ್ಲಿ ಪಾಲಾಗಿದೆ, ತಮ್ಮಂದಿರು ಸೇರಿ ಕಾಕನ ಕೈಯಿಂದ ಬರೆಸಿಕೊಂಡಿದ್ದಾರೆ, ಪಾಪ, ಪ್ಯಾಕೆಟ್ಟಿನ ಮೇಲೂ ಹಾಕಿಸಿದ್ದಾರೆ! ಸೌದಿಯಿಂದ ತಮ್ಮನ ಫೋನು ಬಂತು, ನಾನು ಏನು ತಪ್ಪು ಮಾಡಿದೆ ಅಣ್ಣಾ ಎಂದು ಅಳುವುದೊಂದು ಬಾಕಿ. ಮಸೀದಿಯ ಹಿರಿಯರು ರಾಜಿ ಮಾಡಿಸಲು ಬಂದು ಕೂತರು. ನನ್ನ ಅತ್ತೆಯೇ ನನ್ನನ್ನು ಒಳಗೆ ಕರೆದು, ಮಿಲ್ಲು ಮಾರುವುದಾದರೆ ಎಷ್ಟಕ್ಕೆ ಎಂದು ವಿಚಾರಿಸಿದರು. ಉಮ್ಮ ಬಂದವರಿಗೆಲ್ಲ ಸುಲೈಮಾನಿ ಚಹಾ ಕೊಟ್ಟು ಕೊಟ್ಟು ಸುಸ್ತಾದರು. ಕಾಕ ಮಾತ್ರ ಒಬ್ಬೊಬ್ಬರಿಗೂ ಜಿಎಸ್‌ಟಿಯನ್ನು ಮೊದಲಿನಿಂದ, ಚೆಕ್‌ಪೋಸ್ಟ್ ದಾಟಿದ ಕಥೆಯಿಂದ ಶುರುಮಾಡಿ ವಿವರಿಸುತ್ತಿದ್ದರು. ಕೇಳುವವರು ಸಿಕ್ಕಿದ್ದೇ ಅವರಿಗೆ ಸಂತೋಷ. ಆ ಗುಲ್ಲಿನಲ್ಲಿ ಹುಡಿ ಮೊದಲಿಗಿಂತ ಚೆನ್ನಾಗಿ ಹೋಯಿತೆನ್ನುವುದನ್ನೂ ಹೇಳಬೇಕು.

ಉಮ್ಮ ಹೆದರಿದ್ದು ಕೊನೆಗೂ ಆಯಿತು. ಪಡೀಲಿನ ಹೋಟೆಲೊಂದರವರು ಒಡೆದ ರೊಟ್ಟಿಗಳನ್ನು ತಟ್ಟೆಯಲ್ಲಿ ಹಾಕಿಕೊಂಡು ಮಿಲ್ಲಿಗೇ ಬಂದರು. ಜೊತೆಗೆ ಪ್ಯಾಕೆಟ್ಟು. ಹೆಸರು ನೀಲಿ ಬಾಗಿಲು. ಬಾಗಿಲಿನ ಚಿತ್ರ ಬೇರೆ, ಚಿಲಕ ನೆಟ್ಟಗಿತ್ತು. ಕೆಂಪು ಸಾಲನ್ನೂ ಬಿಡದೆ ಹಾಕಿದ್ದರು. ವಾಮಂಜೂರಿನಲ್ಲಿ, ಗದ್ದೆ ಹೋಗಿ ಮನೆಗಳೆದ್ದ ಕಡೆ, ಹೊಸದಾಗಿ ಮಿಲ್ಲು ಹಾಕಿದ ಒಬ್ಬ ಮನುಷ್ಯನ ಕೆಲಸ. ಕಾಕ ಹುಡಿಯನ್ನು ಪೇಪರಿನ ಮೇಲೆ ಸುರಿದು, ಬೆರಳಲ್ಲಿ ಉಜ್ಜಿ, ಮೂಸಿ, ಪೇಪರನ್ನು ಸಿಟ್ಟಿನಿಂದ ಆಚೆ ತಳ್ಳಿದರು. ಅಕ್ಕಿ ನೆನೆದದ್ದು ಸಾಲದು, ಹುರಿದದ್ದು ಜಾಸ್ತಿ. ಕೇಸು ಹಾಕುತ್ತೇನೆ ಎಂದು ಅಕೌಂಟೆಂಟಿಗೆ ಫೋನು ಮಾಡಿದರು. ನೀವೇ ಬರೆದು ಕೊಟ್ಟಿದ್ದೀರಲ್ಲ, ಕೋರ್ಟಿನಲ್ಲಿ ಏನು ಹೇಳುತ್ತೀರಿ ಎಂದು ಅವರು ಕೇಳಿದರು. ಕಾಕ ಫೋನು ಇಟ್ಟರು. ನಾನು ಉಮ್ಮನ ಮುಖ ನೋಡಿದೆ. ನಾನು ಆಗಲೇ ಹೇಳಿದ್ದೆ ಎಂಬ ಮಾತು ಅವರ ಬಾಯಿಂದ ಬರಲಿಲ್ಲ. ಅದು ಬಂದಿದ್ದರೆ ಕಾಕನಿಗೆ ಎಷ್ಟೋ ಹಗುರಾಗುತ್ತಿತ್ತು.

ಮರುದಿನ ಬೆಳಿಗ್ಗೆ ಟೆಂಪೊ ನನ್ನ ಅಂಗಡಿಯ ಮುಂದೆ ನಿಂತಿತ್ತು. ಉಮ್ಮ ಒಳಗೆ ಕೂತಿದ್ದರು, ಕೈಯಲ್ಲಿ ಅವರ ಉದ್ದ ಹಿಡಿಯ ಸಟ್ಟುಗ. ಹೊಡೆಯಲೆಂದೇ ಹೊರಟಿದ್ದಾರೆ ಎಂದು ನಾನು ತಿಳಿದೆ. ಬಿಡಿಸಲು ಒಬ್ಬಳಾದರೂ ಬೇಕಲ್ಲ ಎಂದು ಅಂಗಡಿಗೆ ಬೀಗ ಹಾಕಿ ಹತ್ತಿದೆ.

ವಾಮಂಜೂರಿನ ಮಿಲ್ಲಿನಲ್ಲಿ ಬಾಣಲೆ ಒಲೆಯ ಮೇಲಿತ್ತು. ಹುರಿಯುತ್ತಿದ್ದವನು ಮಿಲ್ಲಿನ ಯಜಮಾನನೇ. ನಮ್ಮನ್ನು ಗಿರಾಕಿಗಳೆಂದು ತಿಳಿದು ನಕ್ಕ. ಕಾಕ ಬಾಗಿಲಲ್ಲೇ ಮೂಗು ಎತ್ತಿದರು. "ಇಳಿಸಿ, ಇಳಿಸಿ! ದಾಟ್ತಾ ಉಂಟು!" ಎಂದು ಕೂಗಿ ಒಳಗೆ ನುಗ್ಗಿದರು. ಉಮ್ಮ ಅವನನ್ನು ಪಕ್ಕಕ್ಕೆ ಸರಿಸಿ, ತಮ್ಮ ಸಟ್ಟುಗ ಹಾಕಿ, ಹುಡಿಯನ್ನು ಬಿದಿರಿನ ಚಾಪೆಯ ಮೇಲೆ ಎಳೆದೇ ಬಿಟ್ಟರು. ಆ ಮನುಷ್ಯ ಕಕ್ಕಾಬಿಕ್ಕಿಯಾಗಿ ನೀವು ಯಾರು ಎಂದು ಕೇಳಿದ.

"ಆ ಬಾಗಿಲು ನನ್ನ ಮನೆಯದ್ದು ಮಾರಾಯಾ," ಎಂದರು ಕಾಕ. "ಹೆಸರು ಇಟ್ಟುಕೋ, ಅದು ಕೊಟ್ಟಾಗಿದೆ. ಹುಡಿ ಮಾತ್ರ ಹೀಗೆ ಬೇಡ."

ಅವನ ಮುಖ ಬಿಳಿಚಿತು. ಕೆಂಪು ಸಾಲು ನೋಡಿ, ಕಾಕನ ಮಿಲ್ಲು ಮುಚ್ಚಿದೆ, ಯಾರು ಬೇಕಾದರೂ ಹೆಸರು ಹಾಕಬಹುದು ಎಂದು ಯಾರೋ ಅವನಿಗೆ ಹೇಳಿದ್ದರಂತೆ. ಸಾಲನ್ನೂ ಹಾಕದಿದ್ದರೆ ತೆರಿಗೆಯವರು ಹಿಡಿಯುತ್ತಾರೆಂದು ಅದನ್ನೂ ಹಾಕಿದ್ದನಂತೆ. ಸಾಲ ಮಾಡಿ ಮಿಲ್ಲು ಹಾಕಿದ್ದೇನೆ, ಮಾಡಲು ಬಾರದು ಎಂದು ಒಪ್ಪಿಕೊಂಡ. ಕಾಕ ಆಗಲೇ ಅವನ ಅಕ್ಕಿಯ ಡ್ರಮ್ಮಿಗೆ ಕೈ ಹಾಕಿದ್ದರು. ಅವತ್ತು ಮಧ್ಯಾಹ್ನದವರೆಗೆ ಅಲ್ಲಿ ನಡೆದದ್ದು ಪಾಠವೋ ಜಗಳವೋ ಹೇಳುವುದು ಕಷ್ಟ. ಉಮ್ಮ ಒಂದು ಪತ್ತಿರ್ ತಟ್ಟಿ ಕಾವಲಿಗೆ ಹಾಕಿದರು. ಅದು ಉಬ್ಬಿತು. ಕಾಕ ಚಪ್ಪಾಳೆ ತಟ್ಟಿದರು, ಆ ಮನುಷ್ಯನೂ ತಟ್ಟಿದ. ನಾನು ಜೀವನದಲ್ಲಿ ಅಷ್ಟು ರುಚಿಯಾದ ರೊಟ್ಟಿ ತಿಂದಿಲ್ಲ, ಬಿಸಿಗೆ ನಾಲಿಗೆ ಸುಟ್ಟುಕೊಂಡೆ.

ಆಮೇಲೆ ಕಾಕ ಅಲ್ಲಿಗೆ ಹೋಗುತ್ತಲೇ ಇದ್ದರು. ಕೇಸು ಹಾಕುವಂತಿಲ್ಲವಲ್ಲ, ಅದಕ್ಕೆ ಕಾವಲು ಕೂತರು. ನಾವು ಅವರನ್ನು ಇನ್ಸ್‌ಪೆಕ್ಟರ್ ಎಂದು ಹಾಸ್ಯ ಮಾಡುತ್ತಿದ್ದೆವು. ಉಮ್ಮನಿಗೆ ಸಮಾಧಾನವಾಯಿತು ಎಂದರೆ ಸುಳ್ಳು. ನಮ್ಮ ಹೆಸರಿನಲ್ಲಿ ಅವನು ತಿನ್ನುತ್ತಿದ್ದಾನೆ ಎಂದು ಅವರು ಕಾಕ ಇರುವಷ್ಟು ಕಾಲವೂ ಹೇಳುತ್ತಿದ್ದರು. ಅದರಲ್ಲಿ ಸತ್ಯವೂ ಇತ್ತು.

ಕೆಲವು ವರ್ಷಗಳಾದ ಮೇಲೆ ನಿಯಮ ಮತ್ತೆ ಬದಲಾಯಿತು. ಇನ್ನು ಹೆಸರಿನ ಹಕ್ಕು ಇರಲಿ, ಬಿಡಲಿ, ಪ್ಯಾಕ್ ಮಾಡಿ ಲೇಬಲ್ ಹಾಕಿದರೆ ತೆರಿಗೆ ಎಂದಾಯಿತು. ಕಾಕ ಪೇಪರ್ ಹಿಡಿದು ರಸ್ತೆ ದಾಟಿ ಬಂದರು. ನನ್ನ ಎದುರಿನ ಸ್ಟೂಲಿನಲ್ಲಿ ಕೂತರು. ಹೆಸರನ್ನು ಕೊಟ್ಟಾಗಿತ್ತು, ಯಾವುದಕ್ಕಾಗಿ ಕೊಟ್ಟರೋ ಅದು ಉಳಿಯಲಿಲ್ಲ. ಬದಲಾವಣೆಯ ಸುದ್ದಿ ತಂದು ಕಾಕ ಸುಮ್ಮನೆ ಕೂತದ್ದನ್ನು ನಾನು ನೋಡಿದ್ದು ಅದೊಂದು ಸಲ. ನನಗೆ ತಡೆಯಲಾಗಲಿಲ್ಲ, ಯಾರ್ಯಾರಿಗೋ ಬೈದೆ. ಹೋಗುವಾಗ, ಇನ್ನು ಆ ಸಾಲು ಬೇಡ, ತೆಗೆದುಬಿಡು ಎಂದರು.

ತೆಗೆದೆ. ಹೊಸ ಪ್ಯಾಕೆಟ್ಟು ಅಂಗಡಿಗಳಿಗೆ ಹೋಯಿತು. ವಾರದೊಳಗೆ ಅದರಲ್ಲಿ ಅರ್ಧಕ್ಕರ್ಧ ವಾಪಸು ಬಂತು. ಕೆಂಪು ಅಕ್ಷರ ಇಲ್ಲದ್ದು ಡುಪ್ಲಿಕೇಟ್ ಎಂದು ಹೆಂಗಸರು ಮುಟ್ಟುವುದೇ ಇಲ್ಲವಂತೆ! ಬಿಟ್ಟುಕೊಟ್ಟಿದ್ದೇನೆ ಎಂದು ಬರೆದದ್ದೇ ಅಸಲಿ ಹುಡಿ ಎಂದು ಅವರ ತಲೆಯಲ್ಲಿ ಗಟ್ಟಿಯಾಗಿ ಕೂತಿತ್ತು. ಅದನ್ನು ಕೇಳಿ ಕಾಕ ನಕ್ಕದ್ದು ಇನ್ನೂ ಕಿವಿಯಲ್ಲಿದೆ. ನಕ್ಕು ನಕ್ಕು ಕೆಮ್ಮು ಬಂದು, ಉಮ್ಮ ಬೆನ್ನು ತಟ್ಟಬೇಕಾಯಿತು. ನಾವು ಮೂವರೂ ಕಣ್ಣೊರೆಸಿಕೊಂಡೆವು. ಸಾಲು ಮತ್ತೆ ಬಂತು, ಮೊದಲಿಗಿಂತ ದಪ್ಪ ಅಕ್ಷರದಲ್ಲಿ.

ಆ ಕೆಮ್ಮು ಆಮೇಲೆ ಹೋಗಲೇ ಇಲ್ಲ... ಮುಂದಿನ ರಮ್ಜಾನಿಗೆ ಕಾಕ ಇರಲಿಲ್ಲ. ಮಿಲ್ಲಿನ ಯಂತ್ರವನ್ನೂ ಹುಡಿಯ ವ್ಯಾಪಾರವನ್ನೂ ಉಮ್ಮ ವಾಮಂಜೂರಿನವನಿಗೇ ಒಪ್ಪಿಸಿದರು, ಬಾಣಲೆಯ ಹೆಂಗಸರಲ್ಲಿ ಅರ್ಧ ಜನ ಅಲ್ಲಿಗೆ ಹೋದರು. ಉಳಿದವರನ್ನು ಕಟ್ಟಿಕೊಂಡು ಉಮ್ಮ ಅದೇ ಅಂಗಳದಲ್ಲಿ ಪತ್ತಿರ್ ತಟ್ಟಿ, ಅದೇ ನೀಲಿ ಬಾಗಿಲು, ಅದೇ ಕೆಂಪು ಸಾಲಿನ ಪ್ಯಾಕೆಟ್ಟಿನಲ್ಲಿ ಮಾರುತ್ತಿದ್ದಾರೆ. ಈಗ ನೋಡಿದರೆ ಇನ್ನೊಂದು ಬದಲಾವಣೆ. ರೊಟ್ಟಿ, ಪರೋಟಗಳ ಮೇಲೆ ತೆರಿಗೆಯೇ ಇಲ್ಲ, ಹುಡಿಗೆ ಮಾತ್ರ ಇದೆ. ಕಾಕ ಇದ್ದಿದ್ದರೆ! ಪೇಪರ್ ಬೀಸುತ್ತಾ, ಎಡಬಲ ನೋಡದೆ ರಸ್ತೆ ದಾಟಿ ಬಂದು, ಅಂಗಳದಲ್ಲಿದ್ದ ಹುಡಿಯನ್ನೆಲ್ಲ ಅವತ್ತೇ ರೊಟ್ಟಿ ಮಾಡಿಸಿಬಿಡುತ್ತಿದ್ದರು. ಅವರ ಬದಲಿಗೆ ಈ ಸಲ ರಸ್ತೆ ದಾಟಿದವಳು ನಾನು. ಸುದ್ದಿ ಕೇಳಿ ಉಮ್ಮ ಹಿಟ್ಟಿನ ಕೈಯಲ್ಲೇ ನನ್ನ ಎರಡೂ ಕೈ ಹಿಡಿದು ಕುಣಿಸಿದರು. ದರ ಇಳಿಸುವುದು, ಇನ್ನಿಬ್ಬರನ್ನು ಕೆಲಸಕ್ಕೆ ಕರೆಯುವುದು, ಎಲ್ಲ ನಿಂತಲ್ಲೇ ತೀರ್ಮಾನವಾಯಿತು. ಹೊಸ ದರದ ಪ್ಯಾಕೆಟ್ಟು ಬೇಕೆಂದರು.

ಪ್ರೂಫ್ ಮಾಡಿಕೊಂಡು ಹೋದೆ. ಆ ಕೆಂಪು ಸಾಲಿನಿಂದ ಈಗ ಯಾರಿಗೂ ಏನೂ ಆಗಬೇಕಾಗಿಲ್ಲ, ರೊಟ್ಟಿಗಂತೂ ಅದರ ಸಂಬಂಧವೇ ಇಲ್ಲ. ಹಾಗಾಗಿ ತೆಗೆದುಬಿಟ್ಟಿದ್ದೆ. ಆ ಸಾಲನ್ನು ಮೊದಲ ದಿನದಿಂದ ವಿರೋಧಿಸಿದವರು ಉಮ್ಮ, ಖುಷಿಪಟ್ಟಾರು ಎಂದುಕೊಂಡಿದ್ದೆ. ಅವರು ಕಾಗದವನ್ನು ಬೆಳಕಿಗೆ ಹಿಡಿದು ಬಾಗಿಲಿನ ಚಿತ್ರದ ಕೆಳಗೆ ಬೆರಳಿಟ್ಟರು.

"ಇಲ್ಲಿ ಹಾಕು ಅದನ್ನು. ನಾನು ಬೇಡ ಹೇಳಿದ್ದೆ, ಅವರು ಕೇಳಲಿಲ್ಲ. ಈಗ ನಾನು ತೆಗೆದರೆ ಜಗಳ ಮಾಡ್ಲಿಕ್ಕೆ ಅವರು ಇಲ್ವಲ್ಲ."

ಕಾಕ ಇಲ್ಲ ಎಂದು ಅಷ್ಟು ವರ್ಷಗಳಲ್ಲಿ ನಾನು ಎಷ್ಟು ಜನರಿಗೆ ಹೇಳಿದ್ದೆನೋ, ಅದು ನನಗೇ ತಾಗಿದ್ದು ಅವತ್ತು. ಉಮ್ಮ ಆಗಲೇ ಒಳಗೆ ಹೋಗಿ ಹೆಂಗಸರನ್ನು ಗದರಿಸತೊಡಗಿದ್ದರು, ಪ್ಯಾಕೆಟ್ಟು ಯಾವಾಗ ಸಿಗುತ್ತದೆ ಎಂದು ಅಲ್ಲಿಂದಲೇ ಕೇಳಿದರು. ನಾಳೆ ಎಂದೆ.